ಹಳೇ ಯೆಜ್ಡಿಯ ಮುಂದಿನ ಫೋರ್ಕ್, ಬ್ರೇಕ್ ಸರ್ವಿಸ್: ಚೆನ್ನಾಗಿ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೇ ಯೆಜ್ಡಿ ಬೈಕಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕ್‌ನಲ್ಲಿ ಎಣ್ಣೆ ಸೋರುತ್ತಿದ್ದರೆ ಬರೀ ಆಯಿಲ್ ಸೀಲ್ ಹಾಕಿಸಿ ದುಡ್ಡು ಕಳೆಯಬೇಡಿ, ಸೀಲ್ ಸುತ್ತಿಕೊಂಡಿರುವ ಕ್ರೋಮ್ ರಾಡ್ ನೋಡಿಸಿ. ಮೈಸೂರಿನ ಮಂಡಿ ಮೊಹಲ್ಲಾ ಕಡೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಫೋರ್ಕ್, ಬ್ರೇಕ್ ಎರಡನ್ನೂ ಒಟ್ಟಿಗೆ ಮಾಡಿಸಿ, ಮಳೆ, ಬಿಸಿಲು ಎರಡರಲ್ಲೂ ಓಡಿಸಿ ಆದ ಮೇಲೆ ಬರೆಯುತ್ತಿದ್ದೇನೆ. ಗಾಡಿ ತಂದ ವಾರವೇ ಬರೆದಿದ್ದರೆ ಸುಮ್ನೆ ಹೊಗಳಿಕೆ ಆಗುತ್ತಿತ್ತು. ಹೊಸ ಎಣ್ಣೆ ಬಿದ್ದ ಫೋರ್ಕ್ ಮೊದಲ ವಾರ ಯಾರಿಗಾದರೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ನಮ್ಮೂರಲ್ಲಿ ಈ ಗಾಡಿಯ ಕೆಲಸ ಗೊತ್ತಿರುವವರಿಗೆ ಬರ ಇಲ್ಲ. ಯೆಜ್ಡಿ ತಯಾರಾಗುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿನ ಕೆಲಸ ಕಲಿತವರು, ಅವರಿಂದ ಕಲಿತವರು ಇನ್ನೂ ಸಿಗುತ್ತಾರೆ. ಆದರೆ ಹೆಚ್ಚಿನವರ ಗಮನ ಎಲ್ಲಾ ಎಂಜಿನ್ ಮೇಲೆ. ಸೈಲೆನ್ಸರ್ ಸದ್ದು ಸರಿ ಬಂತಾ, ಗಾಡಿ ರೆಡಿ. ಮುಂದಿನ ಚಕ್ರದ ಕಡೆ ಬಗ್ಗಿ ನೋಡುವವರು ಕಮ್ಮಿ. ಇದಕ್ಕೂ ಮೊದಲು ಬೇರೊಂದು ಕಡೆ ಸೀಲ್ ಬದಲಾಯಿಸಿ ಕೊಟ್ಟಿದ್ದರು. ಸ್ವಲ್ಪ ದಿನ ಒಣಗಿತ್ತು, ಆಮೇಲೆ ಮತ್ತೆ ಒದ್ದೆ. ಕೇಳಿದರೆ "ಹಳೇ ಗಾಡಿ ಸಾರ್, ಇಷ್ಟೇ" ಅಂದರು.

ಈ ಮೆಕ್ಯಾನಿಕ್ ರಾಡ್ ಬಿಚ್ಚಿ ಒರೆಸಿ ನನ್ನ ಕೈಗೇ ಕೊಟ್ಟು, "ಉಗುರಲ್ಲಿ ಗೀರಿ ನೋಡಿ" ಅಂದರು. ಸೀಲ್ ಮೇಲೆ ಕೆಳಗೆ ಓಡಾಡುವ ಜಾಗದಲ್ಲೇ ಕ್ರೋಮ್ ಎದ್ದು ಸಣ್ಣ ಸಣ್ಣ ಗುಳಿ ಬಿದ್ದಿತ್ತು, ಉಗುರು ಸಿಕ್ಕಿಕೊಳ್ಳುತ್ತಿತ್ತು. ಅಂಥ ರಾಡ್ ಮೇಲೆ ಎಂಥಾ ಒಳ್ಳೇ ಸೀಲ್ ಹಾಕಿದರೂ ಅದರ ರಬ್ಬರ್ ಅಂಚು ಹರಿದೇ ಹರಿಯುತ್ತದೆ. ಅದಕ್ಕೆ ಹಳೇ ಕ್ರೋಮ್ ತೆಗೆಸಿ, ಹಾರ್ಡ್ ಕ್ರೋಮ್ ಮಾಡಿಸಿ, ಅಳತೆಗೆ ಸರಿಯಾಗಿ ಗ್ರೈಂಡಿಂಗ್ ಮಾಡಿಸಿದೆವು. ಕ್ರೋಮ್‌ಗೆ ಕಳಿಸುವ ಮೊದಲು ರಾಡ್ ಉರುಳಿಸಿ ಬಾಗಿದೆಯಾ ಅಂತ ನೋಡಬೇಕು, ಬಾಗಿದ ರಾಡ್‌ಗೆ ಕ್ರೋಮ್ ಹಾಕಿಸಿ ಪ್ರಯೋಜನ ಇಲ್ಲ. ಬಿಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಇದಕ್ಕೇ, ಸೀಲ್ ಬೆಲೆ ಲೆಕ್ಕಕ್ಕೇ ಇಲ್ಲ. ಜೊತೆಗೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೊಸದು ಹಾಕಿದರು. ಹ್ಯಾಂಡಲ್ ನೆಟ್ಟಗೆ ಬಂದಾಗ ಕಟ್ ಅಂತ ಸಿಕ್ಕಿ ನಿಲ್ಲುತ್ತಿದ್ದದ್ದು ಅದರಿಂದಲೇ, ಗುಂಡುಗಳು ಕೂತು ಕೂತು ಬಟ್ಟಲಲ್ಲಿ ಕುಳಿ ಮಾಡಿದ್ದವು. ಎಣ್ಣೆಯನ್ನು ಫೋರ್ಕ್‌ನ ಎರಡೂ ಕಾಲಿಗೆ ಅಳೆದು ಸಮಸಮ ಹಾಕಿದರು. ಗಟ್ಟಿ ಎಣ್ಣೆ ಹಾಕಿದರೆ ಸೋರುವುದಿಲ್ಲ ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ. ಸೋರುವುದು ಸೋರುತ್ತದೆ, ಜೊತೆಗೆ ಫೋರ್ಕ್ ಕಲ್ಲಾಗುತ್ತದೆ.

ಬ್ರೇಕ್ ಯಾಕೆ ಒಟ್ಟಿಗೆ ಅಂದರೆ, ಫೋರ್ಕ್‌ನಿಂದ ಇಳಿದ ಎಣ್ಣೆ ನೇರ ಬ್ರೇಕ್ ಪ್ಲೇಟ್ ಮೇಲೆ ಬರುತ್ತದೆ. ಬ್ರೇಕ್ ಶೂ ಮೇಲೆ ಅಂಟಿಸಿರುವ, ಡ್ರಮ್‌ಗೆ ಉಜ್ಜುವ ಲೈನರ್ ಒಮ್ಮೆ ಎಣ್ಣೆ ಕುಡಿದರೆ ಉಪ್ಪುಕಾಗದದಲ್ಲಿ ಎಷ್ಟು ಉಜ್ಜಿದರೂ ಸುಖ ಇಲ್ಲ. ಅಂಗಡಿಯಲ್ಲಿ ಸಿಗುವ ಹೊಸ ಶೂ ಕೂಡ ತಂದುಕೊಟ್ಟೆ. ಅವರು ಡ್ರಮ್ ಒಳಗೆ ಇಟ್ಟು ತೋರಿಸಿದರು, ನಡುವೆ ಮಾತ್ರ ತಾಗುತ್ತಿತ್ತು, ಎರಡೂ ತುದಿ ಗಾಳಿಯಲ್ಲಿ. ಕೊನೆಗೆ ಹಳೇ ಶೂಗೇ ಹೊಸ ಲೈನರ್ ಅಂಟಿಸಿ, ಡ್ರಮ್ ಅಳತೆಗೆ ಲೇತ್‌ನಲ್ಲಿ ತಿರುಗಿಸಿದರು. ಡ್ರಮ್ಮನ್ನೂ ಕಡ್ಡಿ ಕಟ್ಟಿದ ಚಕ್ರದ ಸಮೇತ ಲೇತ್‌ಗೆ ಹಾಕಿದರು. ಕಡ್ಡಿ ಎಳೆತಕ್ಕೆ ಡ್ರಮ್ ಸ್ವಲ್ಪ ಓರೆ ಆಗುತ್ತದಲ್ಲ, ಬರೀ ಡ್ರಮ್ ತಿರುಗಿಸಿ ಆಮೇಲೆ ಕಡ್ಡಿ ಬಿಗಿದರೆ ಮಾಡಿದ ಕೆಲಸ ವ್ಯರ್ಥ. ಕೊನೆಯಲ್ಲಿ ಆಕ್ಸೆಲ್ ನಟ್ ಸಡಿಲ ಬಿಟ್ಟು, ಬ್ರೇಕ್ ಜೋರಾಗಿ ಹಿಡಿದುಕೊಂಡೇ ನಟ್ ಬಿಗಿದರು. ಹಾಗೆ ಮಾಡಿದರೆ ಶೂ ಎರಡೂ ಕಡೆ ಒಂದೇ ಸಮ ಕೂರುತ್ತದಂತೆ. ಒಂದೇ ಒಂದು ಇಷ್ಟವಾಗದ್ದು, ಹಳೇ ಲೈನರ್ ಪುಡಿಯನ್ನು ಅಲ್ಲಿನ ಹುಡುಗ ಏರ್ ಪೈಪ್‌ನಲ್ಲಿ ಊದಿ ತೆಗೆದ. ಹಳೇ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದುಂಟು, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ.

ಓಡಿಸಿದ್ದು ಹೇಗಿದೆ? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಹಾಗಾಗಿ ಮಂಡ್ಯಕ್ಕೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿನ ಹಂಪ್‌ಗಳಲ್ಲಿ ಮೊದಲು ಫೋರ್ಕ್ ತಳಕ್ಕೆ ಹೋಗಿ ಢಣ್ ಅನ್ನುತ್ತಿತ್ತು, ಈಗ ಇಲ್ಲ. ರಾಡ್ ಮೇಲೆ ಬೆರಳು ಸವರಿದರೆ ಧೂಳು ಬರುತ್ತದೆ, ಎಣ್ಣೆ ಬರುವುದಿಲ್ಲ.

ಬ್ರೇಕ್ ಮಾತ್ರ ಮೊದಲ ಕೆಲವು ದಿನ ಏನೂ ಸಾಲದು ಅನ್ನಿಸಿತು, ಲೈನರ್ ಕೂತ ಮೇಲೆ ಹಿಡಿತ ಬಂತು. ನಿಜವಾದ ಪರೀಕ್ಷೆ ಚಾಮುಂಡಿ ಬೆಟ್ಟದ ಇಳಿಜಾರು. ಟೂ ಸ್ಟ್ರೋಕ್‌ನಲ್ಲಿ ಗೇರ್ ಇಳಿಸಿದರೂ ಎಂಜಿನ್ ಗಾಡಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಪೆಟ್ರೋಲ್ ಜೊತೆಗೇ ಎಣ್ಣೆ ಹೋಗುವ ಗಾಡಿ ಬೇರೆ, ಆಕ್ಸಿಲೇಟರ್ ಮುಚ್ಚಿಕೊಂಡೇ ಇಳಿದರೆ ಪಿಸ್ಟನ್‌ಗೆ ಎಣ್ಣೆಯೂ ಕಮ್ಮಿ. ಹೀಗಾಗಿ ಭಾರ ಎಲ್ಲಾ ಬ್ರೇಕ್ ಮೇಲೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇಳಿದರೂ ಈಗ ಧೈರ್ಯ ಇದೆ, ಆದರೆ ಕೆಳಗೆ ಬರುವ ಹೊತ್ತಿಗೆ ಡ್ರಮ್ ಕಾದು ಲಿವರ್ ಸ್ವಲ್ಪ ಒಳಗೆ ಬರುತ್ತದೆ. ಡಿಸ್ಕ್ ಬ್ರೇಕ್ ಓಡಿಸಿ ಬಂದವರು ಇದನ್ನು ಹಿಡಿದರೆ ಮುಖ ಸಿಂಡರಿಸುತ್ತಾರೆ, ಅದಕ್ಕೆ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ. ಕೇಬಲ್ ಅಗ್ಗದ್ದು ಹಾಕಿಸಬೇಡಿ, ಅದರ ಹೊರಕವಚ ಅಮುಕಿಕೊಂಡು ಲಿವರ್ ಮೆತ್ತಗಾಗುತ್ತದೆ. ನನ್ನದನ್ನು ಈಗ ಬದಲಾಯಿಸಬೇಕಿದೆ.

ಕೆಲಸಕ್ಕೆ ಪೂರ್ತಿ ಅಂಕ, ಸಮಯಕ್ಕೆ ಇಲ್ಲ. ಕ್ರೋಮ್ ಹೊರಗಡೆ ಆಗಬೇಕಾದ್ದರಿಂದ "ನಾಳೆ ಬನ್ನಿ ಸಾರ್" ತುಂಬಾ ಕೇಳಬೇಕಾಯಿತು. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ, ಅದಕ್ಕೂ ಮುಂಚಿನ ತಿಂಗಳು ಊರಿನ ಹಳೇ ಗಾಡಿಗಳೆಲ್ಲ ಅಲ್ಲೇ ಸಾಲಾಗಿ ನಿಂತಿರುತ್ತವೆ. ಗಾಡಿ ಸರ್ವಿಸ್‌ಗೆ ಬಿಡುವುದಾದರೆ ದೀಪಾವಳಿ ಆದ ಮೇಲೆ ಬಿಡಿ.