ಒಳಗಿನ ಕಾರ್ಡೋ, ಹೊರಗಿನ ಇಂಟರ್‌ಫೇಸೋ: ನಾಲ್ಕು ಮಳೆಗಾಲ ಭಾಗವತಿಕೆ ಮುದ್ರಿಸಿ ನೋಡಿದ್ದು

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳದ ತಿರುಗಾಟ ನಿಂತ ಮೇಲೆಯೇ ಪದ್ಯ ಹಾಡುವ ಭಾಗವತರಾದ ನಮ್ಮ ದೊಡ್ಡಪ್ಪನಿಗೆ ಬಿಡುವು. ಅವರ ಪದ್ಯಗಳನ್ನು ನಿಧಾನವಾಗಿ ಕೂರಿಸಿ ಧ್ವನಿಮುದ್ರಿಸಲು ಸಿಗುವುದು ಆ ಕೆಲವು ತಿಂಗಳು ಮಾತ್ರ. ಕಲ್ಯಾಣಪುರದ ನಮ್ಮ ಹಂಚಿನ ಮನೆಯ ಮೇಲೆ ಮಳೆ ಹೊಯ್ಯುವುದೂ ಆಗಲೇ. ಮಳೆ ಹೊಳವಾದ ಅರ್ಧ ಗಂಟೆಯಲ್ಲಿ ಮೈಕ್ ಇಟ್ಟು, ಶ್ರುತಿ ಹಿಡಿದು, ಪದ್ಯ ಮುಗಿಸಬೇಕು. ಉಪಕರಣ ಸತಾಯಿಸಿದರೆ ಆ ದಿನ ಹೋದ ಹಾಗೆಯೇ. ಮೊದಲ ಎರಡು ಮಳೆಗಾಲ ಡೆಸ್ಕ್‌ಟಾಪ್‌ನ ಪಿಸಿಐ ಸ್ಲಾಟ್‌ನಲ್ಲಿ ಕೂರುವ ಸೌಂಡ್ ಕಾರ್ಡ್, ಆಮೇಲಿನ ಎರಡು ಮಳೆಗಾಲ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕ್ ಸಿಕ್ಕಿಸಿ ಕಂಪ್ಯೂಟರ್‌ಗೆ ಹೊರಗಿನಿಂದ ಜೋಡಿಸುವ ಪುಟ್ಟ ಪೆಟ್ಟಿಗೆ. ಹಾಡುಗಾರರು ಅವರೇ, ಕೋಣೆ ಅದೇ, ಮದ್ದಳೆ ನನ್ನದೇ.

ಕೊಳ್ಳುವಾಗ ನಾನು ನೋಡಿದ್ದು ಡಬ್ಬದ ಮೇಲಿನ ಅಂಕಿಗಳನ್ನು. ಎರಡರ ಮೇಲೂ 24 ಬಿಟ್, 96 ಕಿಲೋಹರ್ಟ್ಜ್ ಎಂದಿತ್ತು. ಅಂಕಿ ಒಂದೇ ಆದರೆ ಧ್ವನಿಯೂ ಒಂದೇ ಎಂದುಕೊಂಡೆ. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಮೈಕ್‌ನ ಸಣ್ಣ ಸಂಕೇತವನ್ನು ಎತ್ತಿ ದೊಡ್ಡದು ಮಾಡುವ ಪ್ರೀಆಂಪ್ ಎಂಥದ್ದು, ಅದು ಎಲ್ಲಿ ಕುಳಿತಿದೆ ಎನ್ನುವುದರಲ್ಲಿ.

ಸ್ಟೇಜಿನಲ್ಲಿ ಬಳಸುವ ಡೈನಾಮಿಕ್ ಮೈಕ್ ಹಾಡುವವರ ಬಾಯಿಯೆದುರು ಕೊಡುವುದು ಕೆಲವೇ ಮಿಲಿವೋಲ್ಟ್. ನನ್ನ ಕಾರ್ಡಿನ ಮೈಕ್ ತೂತು 3.5 ಮಿಲಿಮೀಟರ್‌ನದು, ಹೆಡ್‌ಸೆಟ್ಟಿನ ಪುಟ್ಟ ಮೈಕ್‌ಗೆಂದು ಮಾಡಿದ್ದು. ವಿಂಡೋಸ್‌ನಲ್ಲಿ ಬೂಸ್ಟ್ ಹಾಕಿದರೆ 10, 20, 30 ಡೆಸಿಬೆಲ್ ಎಂದು ಮೆಟ್ಟಿಲು ಹಾರುತ್ತದೆ. 20 ಸಾಲದು, 30 ಕೊಟ್ಟರೆ ಸ್ವರದ ಜೊತೆಗೆ ಉಸ್ಸೆನ್ನುವ ಸದ್ದೂ ಏರುತ್ತದೆ. ಮೌಸ್ ಸರಿಸಿದರೆ ಹೆಡ್‌ಫೋನ್‌ನಲ್ಲಿ ಕಿರ್ ಎನ್ನುತ್ತಿತ್ತು: ಕಾರ್ಡಿನ ಪಕ್ಕದಲ್ಲೇ ಗ್ರಾಫಿಕ್ಸ್ ಕಾರ್ಡ್, ಮೇಲೆ ಪವರ್ ಸಪ್ಲೈ, ಎಲ್ಲವೂ ಒಂದೇ ತಗಡಿನ ಪೆಟ್ಟಿಗೆಯೊಳಗೆ. ಮೊದಲ ಸಲ ಕೇಳಿಸಿದಾಗ ದೊಡ್ಡಪ್ಪ, “ಮಾಣಿ, ನನ್ನ ಸ್ವರದ ಹಿಂದೆ ಜೇನು ಕಟ್ಟಿದೆಯೇ?” ಎಂದು ಕೇಳಿದರು. ಅವರ ಕಿವಿ ಅಷ್ಟು ಚುರುಕು.

ಆ ಜೇನಿನ ಇನ್ನೊಂದು ಮೂಲ ಹುಡುಕಲು ನನಗೆ ಒಂದು ತಿಂಗಳು ಬೇಕಾಯಿತು. ವಿದ್ಯುತ್ ಶ್ರುತಿಪೆಟ್ಟಿಗೆಯ ವಯರನ್ನು ನೇರವಾಗಿ ಕಾರ್ಡಿಗೆ ಕೊಟ್ಟಿದ್ದೆ. ಪೆಟ್ಟಿಗೆ ಒಂದು ಪ್ಲಗ್ಗಿನಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ, ಮನೆಯ ಅರ್ಥಿಂಗ್ ಹಳೆಯದು. ಎರಡರ ನಡುವೆ ಅರ್ಥಿಂಗ್ ಮೂಲಕ ವಿದ್ಯುತ್ತಿನ ಸುತ್ತು (ಗ್ರೌಂಡ್ ಲೂಪ್) ಏರ್ಪಟ್ಟು, ನಮ್ಮ ಲೈನಿನ 50 ಹರ್ಟ್ಜ್ ಮತ್ತು ಅದರ ದುಪ್ಪಟ್ಟು 100 ಹರ್ಟ್ಜ್ ಗುಂಯ್‌ಗುಡುತ್ತಿದ್ದವು. ದೊಡ್ಡಪ್ಪನ ಶ್ರುತಿ ಕಪ್ಪು ಮೂರು, ಅಂದರೆ ಹಾರ್ಮೋನಿಯಂನ ಮೂರನೆಯ ಕಪ್ಪು ಮನೆ. ಅದರ ಮಂದ್ರ ಷಡ್ಜ ಸುಮಾರು 92 ಹರ್ಟ್ಜ್. 100ರ ಗುಂಯ್ ಅದಕ್ಕೆ ಸೇರುವುದೂ ಇಲ್ಲ, ದೂರ ನಿಲ್ಲುವುದೂ ಇಲ್ಲ. ಪಕ್ಕದಲ್ಲೇ ಅಪಸ್ವರವಾಗಿ ಕೊರೆಯುತ್ತದೆ. ಶ್ರುತಿ ಹಿಡಿದು ಹಾಡುವವರಿಗೆ ಇದಕ್ಕಿಂತ ದೊಡ್ಡ ಹಿಂಸೆ ಬೇರೆ ಇಲ್ಲ.

ಯುಎಸ್‌ಬಿ ಇಂಟರ್‌ಫೇಸ್ ಬಂದ ದಿನ ಲ್ಯಾಪ್‌ಟಾಪ್‌ಗೆ ಹಾಕಿ, ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಮುದ್ರಿಸಿದೆ. ಗುಂಯ್ ಇಲ್ಲವೇ ಇಲ್ಲ. ಪ್ರೀಆಂಪ್ ಕಂಪ್ಯೂಟರ್‌ನ ಹೊರಗಿದೆ, ಮೈಕ್‌ನ ಎಕ್ಸ್‌ಎಲ್‌ಆರ್ ಕೇಬಲ್ ಬ್ಯಾಲೆನ್ಸ್ಡ್ (ಒಂದೇ ಸಂಕೇತವನ್ನು ಎರಡು ತಂತಿಗಳಲ್ಲಿ ತಿರುಗುಮುರುಗಾಗಿ ಒಯ್ಯುವಂಥದ್ದು) ಆದ್ದರಿಂದ ದಾರಿಯಲ್ಲಿ ಹಿಡಿದ ಗದ್ದಲ ತಾನೇ ರದ್ದಾಗುತ್ತದೆ, ಗೇನ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಬಹುದು. ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಕೂಡ ಅಲ್ಲೇ ಸಿಗುತ್ತದೆ. ಕರೆಂಟು ಹೋದರೂ ಪದ್ಯ ನಿಲ್ಲುವುದಿಲ್ಲ. ಜೂನ್–ಜುಲೈ ತಿಂಗಳಲ್ಲಿ ಇಲ್ಲಿ ವಾಸಿಸುವವರಿಗೆ ಈ ಒಂದು ಮಾತು ಸಾಕು.

ಹಾಗೆಂದು ಒಳಗಿನ ಕಾರ್ಡನ್ನು ತೆಗೆದುಹಾಕುವುದು ನ್ಯಾಯವಲ್ಲ. ಲೇಟೆನ್ಸಿಯನ್ನು, ಅಂದರೆ ಬಾರಿಸಿದ ಸದ್ದು ಕಂಪ್ಯೂಟರ್ ಸುತ್ತಿ ಕಿವಿಗೆ ಮರಳುವ ವಿಳಂಬವನ್ನು, ತಗ್ಗಿಸುವುದರಲ್ಲಿ ಅದು ಮುಂದಿತ್ತು. ದೊಡ್ಡಪ್ಪನ ಪದ್ಯವನ್ನು ಮೊದಲು ಮುದ್ರಿಸಿ, ಅದನ್ನು ಕೇಳುತ್ತಾ ನಾನು ಮದ್ದಳೆ ಸೇರಿಸುವುದು ನಮ್ಮ ಕ್ರಮ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ವೇಗದಲ್ಲಿ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಸಿಕೊಳ್ಳುವ ಸ್ಯಾಂಪಲ್‌ಗಳ ಗುಂಪು) 1024 ಇದ್ದರೆ ಒಂದು ಬಫರ್‌ಗೇ 21 ಮಿಲಿಸೆಕೆಂಡ್. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು ಏಳು ಮೀಟರ್ ಸಾಗುತ್ತದೆ. ನನ್ನ ಕೈಯ ಪೆಟ್ಟು ಅಂಗಳದ ಆಚೆಯಿಂದ ಬಂದಂತೆ ಕೇಳಿದರೆ ಮುಕ್ತಾಯ ಕೂರುವುದು ಹೇಗೆ? ವಿಳಂಬ ತಗ್ಗಿಸಲೆಂದೇ ಇರುವ ಒಳ್ಳೆಯ ಎಎಸ್‌ಐಒ ಡ್ರೈವರ್‌ನಿಂದ ಕಾರ್ಡು 64ರಲ್ಲೂ ತೊದಲದೆ ನಡೆಯಿತು. ಅದೇ ಡೆಸ್ಕ್‌ಟಾಪ್‌ನಲ್ಲಿ ಇಂಟರ್‌ಫೇಸ್ 128ಕ್ಕಿಂತ ಇಳಿಸಿದರೆ ಪಟಪಟ ಎನ್ನುತ್ತದೆ. ಆದರೆ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿಯಿದೆ. ಮದ್ದಳೆಯ ಸದ್ದು ಕಂಪ್ಯೂಟರ್ ಸುತ್ತಿ ಬಾರದೆ ಅಲ್ಲಿಂದಲೇ ಹೆಡ್‌ಫೋನ್‌ಗೆ ಮರಳುತ್ತದೆ. ಅದನ್ನು ಒತ್ತಿದ ಮೇಲೆ ನನಗೆ 64ರ ನೆನಪೇ ಆಗಲಿಲ್ಲ.

ಇಂಟರ್‌ಫೇಸಿನ ತೊಂದರೆ ಯುಎಸ್‌ಬಿಯದ್ದೇ. ಹಾರ್ಡ್ ಡಿಸ್ಕ್ ಜೊತೆ ಒಂದೇ ಹಬ್‌ಗೆ ಹಾಕಿದ್ದೆ. ಏರುಪದ್ಯದ ನಡುವೆ ಸಂಪರ್ಕ ಕಡಿದು ಇಡೀ ಮುದ್ರಣ ಹೋಯಿತು. ಸಾಮಾನ್ಯ ಯುಎಸ್‌ಬಿ 2 ಪೋರ್ಟು ಕೊಡುವುದು 500 ಮಿಲಿಆಂಪ್, ಅದನ್ನು ಹಂಚಿಕೊಂಡರೆ ಹೀಗಾಗುತ್ತದೆ. ಈಗ ನೇರ ಪೋರ್ಟಿಗೇ ಹಾಕುತ್ತೇನೆ. ಕಾರ್ಡಿನ ತೊಂದರೆ ನಮ್ಮ ಕರಾವಳಿಯ ಹವೆ. ಎರಡನೆಯ ಮಳೆಗಾಲದಲ್ಲಿ ಅದು ಆಗಾಗ ಕಾಣೆಯಾಗುತ್ತಿತ್ತು. ಬಿಚ್ಚಿ ನೋಡಿದರೆ ಅಂಚಿನ ಸಂಪರ್ಕಗಳ ಮೇಲೆ ಕಿಲುಬು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದ ಮೇಲೆ ಸರಿಯಾಯಿತು. ಇಂಟರ್‌ಫೇಸನ್ನಾದರೆ ಮೈಕ್ ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬದಲ್ಲಿ ಮುಚ್ಚಿಡಬಹುದು.

ಹೊಸದಾಗಿ ಕೊಳ್ಳುವವರು ಇಂಟರ್‌ಫೇಸನ್ನೇ ಕೊಳ್ಳಲಿ, ಅದರಲ್ಲೂ ಎರಡು ಮೈಕ್ ತೂತುಗಳಿರುವುದನ್ನು. ಹಣ ಉಳಿಸಲು ಒಂದರದ್ದನ್ನು ತಂದರೆ ಹಾಡು ಮತ್ತು ಮದ್ದಳೆ ಬೇರೆ ಬೇರೆ ಟ್ರ್ಯಾಕ್‌ಗೆ ಒಟ್ಟಿಗೆ ಬರುವುದಿಲ್ಲ, ಇಬ್ಬರೂ ಎದುರೆದುರು ಕೂತು ಹಾಡಿಸುವ ಸುಖ ಹೋಗುತ್ತದೆ. ಚಂಡೆ ಮುದ್ರಿಸುವವರು ಮೈಕನ್ನು ನಾಲ್ಕು ಮಾರು ಹಿಂದಿಟ್ಟು, ಜೋರು ಪೆಟ್ಟು −12 ಡೆಸಿಬೆಲ್ ದಾಟದಂತೆ ಗೇನ್ ಇಳಿಸಲಿ. 24 ಬಿಟ್‌ನಲ್ಲಿ ಆಮೇಲೆ ಏರಿಸಿಕೊಳ್ಳಲು ಧಾರಾಳ ಜಾಗವಿದೆ, ಒಡೆದ ಪೆಟ್ಟನ್ನು ಮಾತ್ರ ಯಾವುದೂ ಸರಿಪಡಿಸದು.

ಹಳೆಯ ಡೆಸ್ಕ್‌ಟಾಪನ್ನು ನಾನು ಮಾರಲಿಲ್ಲ. ದೊಡ್ಡಪ್ಪನ ಬಳಿ ಕ್ಯಾಸೆಟ್ಟುಗಳ ಎರಡು ಪೆಟ್ಟಿಗೆಗಳಿವೆ. ಡೆಕ್ಕಿನ ಸಂಕೇತ ಮೊದಲೇ ಗಟ್ಟಿಯಾಗಿರುವುದರಿಂದ ಕಾರ್ಡಿನ ಲೈನ್ ಇನ್ ತೂತಿಗೆ ಬೂಸ್ಟ್ ಬೇಕಿಲ್ಲ, ಜೇನೂ ಇಲ್ಲ. ರಾತ್ರಿ ಒಂದೊಂದು ಕ್ಯಾಸೆಟ್ ಹಾಕುತ್ತೇನೆ. ದೊಡ್ಡಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಮದ್ದಳೆಯ ಕೈ ಯಾರದೆಂದು ಪೆಟ್ಟು ಕೇಳಿಯೇ ಹೇಳುತ್ತಾರೆ. ನಾನು ಫೈಲಿಗೆ ಅದೇ ಹೆಸರು ಬರೆದಿಡುತ್ತೇನೆ.