ಸ್ಟೆಮ್ ಸೆಲ್ ಬೆಳೆಸಲು ಯಾವ ಮೇಲ್ಮೈ: ಸಾಲಾದ ಗುಳಿಯೋ, ಚದುರಿದ ಗುಳಿಯೋ?

ಮೂಳೆ ಮಜ್ಜೆಯ ಸ್ಟೆಮ್ ಸೆಲ್‌ಗೆ (ಬೇರೆ ಬೇರೆ ಬಗೆಯ ಸೆಲ್ ಆಗಬಲ್ಲ ಮೂಲ ಸೆಲ್) ನ್ಯಾನೊ ಗುಳಿಗಳಿರುವ, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿರುವ ಮೇಲ್ಮೈ ಹುಡುಕುತ್ತಿದ್ದೀರಾ? ಸೆಲ್‌ಗಳು ಮೂಳೆ ಆಗಬೇಕೋ, ಸ್ಟೆಮ್ ಸೆಲ್ ಆಗಿಯೇ ಉಳಿಯಬೇಕೋ, ಅದನ್ನು ಮೊದಲು ತೀರ್ಮಾನಿಸಿ.

ಮೂಳೆ ಬೇಕಿದ್ದರೆ ಚದುರಿದ ಗುಳಿ. ಗ್ಲಾಸ್ಗೋ ವಿಶ್ವವಿದ್ಯಾಲಯದ ತಂಡ 2007ರಲ್ಲಿ ಇದನ್ನು ತೋರಿಸಿತು. ಗುಳಿಯ ಅಗಲ 120 ನ್ಯಾನೊಮೀಟರ್, ಆಳ 100, ನಡುವಿಂದ ನಡುವಿಗೆ ಸರಾಸರಿ 300. ಆದರೆ ಪ್ರತಿ ಗುಳಿಯನ್ನೂ ಅದರ ಜಾಗದಿಂದ 50ರವರೆಗೆ ಅತ್ತಿತ್ತ ಸರಿಸಿದ್ದರು. ಅಷ್ಟಕ್ಕೇ, ಮೂಳೆಯತ್ತ ತಿರುಗಿಸುವ ಡೆಕ್ಸಾಮೆಥಾಸೋನ್‌ನಂಥದ್ದು ಏನನ್ನೂ ಹಾಕದೆ, ಸೆಲ್‌ಗಳು ಮೂಳೆಯ ಖನಿಜ ಕೂಡಿಸತೊಡಗಿದವು. ಹಾಗಾದ್ರೆ ಪೂರ್ತಿ ಅಡ್ಡಾದಿಡ್ಡಿ ಮಾಡಿದರೆ ಇನ್ನೂ ಒಳ್ಳೇದಲ್ವಾ? ಇಲ್ಲ, ಅದರಲ್ಲಿ ಫಲ ಇಷ್ಟು ಚೆನ್ನಾಗಿ ಬರಲಿಲ್ಲ.

ಅದೇ ಗುಳಿಗಳನ್ನು ಚೌಕ ಸಾಲಿನಲ್ಲಿ ನೀಟಾಗಿ ಪಾಲಿಕ್ಯಾಪ್ರೊಲ್ಯಾಕ್ಟೋನ್ ಅನ್ನೋ ಪ್ಲಾಸ್ಟಿಕ್ ಮೇಲೆ ಅಚ್ಚೊತ್ತಿದಾಗ (2011) ಆಗಿದ್ದು ಉಲ್ಟಾ: 8 ವಾರದವರೆಗೂ ಸ್ಟೆಮ್ ಸೆಲ್ ಗುಣ ಉಳಿಯಿತು. ಸಂಖ್ಯೆ ಹೆಚ್ಚಿಸಿಕೊಳ್ಳುವುದೇ ಗುರಿ ಅಂದ್ರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ.

ವ್ಯತ್ಯಾಸ ಇರೋದು ಹಿಡಿತದಲ್ಲಿ. ಸೆಲ್ ಮೇಲ್ಮೈಗೆ ಅಂಟುವ ಜಾಗಗಳು ಉದ್ದವಾಗಿ ಬೆಳೆದರೆ ಒಳಗಿನ ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳು ಬಿಗಿಯಾಗುತ್ತವೆ, ಆ ಬಿಗಿತ ಮೂಳೆಯ ದಾರಿಗೆ ತಳ್ಳುತ್ತದೆ. ನೀಟಾದ ಸಾಲಿನಲ್ಲಿ ಹಿಡಿತ ಅಷ್ಟು ಬೆಳೆಯುವುದಿಲ್ಲ.

ಗೀರು ಮೇಲ್ಮೈಯೂ ಇದೆ. ಸೆಲ್‌ಗಳು ಗೀರಿನ ಉದ್ದಕ್ಕೇ ಮಲಗುತ್ತವೆ, ಸ್ನಾಯುರಜ್ಜು ಕೆಲಸಕ್ಕೆ ಸರಿ. ಟೈಟಾನಿಯಾ ನ್ಯಾನೊಟ್ಯೂಬ್ (ಟೈಟಾನಿಯಂ ಆಕ್ಸೈಡ್‌ನ ಅತಿ ಸಣ್ಣ ಕೊಳವೆ) ಆದರೆ ಹುಷಾರು: ವ್ಯಾಸ 15 ನ್ಯಾನೊಮೀಟರ್ ಇದ್ದರೆ ಚೆನ್ನ ಅಂತ ಒಂದು ಗುಂಪು, 70–100 ಬೇಕು ಅಂತ ಇನ್ನೊಂದು. ಸುಮ್ನೆ ವ್ಯಾಸ ನೋಡಿ ಕೊಳ್ಳಬೇಡಿ.