ಬೆಂಕಿಪೆಟ್ಟಿಗೆ ಗಾತ್ರದ ಓಬಿಡಿ ಸ್ಕ್ಯಾನರ್: ಎರಡು ಮಳೆಗಾಲದ ಬಳಿಕ

ಕಾರಿನ ಕಂಪ್ಯೂಟರ್ ದಾಖಲಿಸಿಕೊಂಡ ದೋಷದ ಕೋಡುಗಳನ್ನು ಓದುವ ಸಾಧನ ಇದು. ಕೊಂಡ ಮೊದಲ ತಿಂಗಳಲ್ಲೇ ಬರೆದಿದ್ದರೆ ಇದಕ್ಕೆ ಒಂದೇ ನಕ್ಷತ್ರ ಕೊಡುತ್ತಿದ್ದೆ. ಇದು ತೋರಿಸಿದ್ದನ್ನು ನಂಬಿ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ 3,400 ರೂಪಾಯಿಯ ಆಕ್ಸಿಜನ್ ಸೆನ್ಸರ್ ತಂದು ಹಾಕಿಸಿದ್ದೆ. ಮೂರನೇ ದಿನ ಪೆರ್ಲ ಪೇಟೆ ದಾಟುವಷ್ಟರಲ್ಲಿ ಚೆಕ್ ಎಂಜಿನ್ ಲೈಟ್ ಮತ್ತೆ ಉರಿಯಿತು.

ನಮ್ಮದು 2014ರ ಪೆಟ್ರೋಲ್ ಕಾರು. ನನಗೆ ಶಾಲೆಗೆ ಹೋಗಲು, ತೋಟಕ್ಕೆ ಗೊಬ್ಬರ ತರಲು, ಅಮ್ಮನನ್ನು ಕಾಸರಗೋಡಿಗೆ ಡಾಕ್ಟರ ಹತ್ತಿರ ಕರೆದೊಯ್ಯಲು ಇರುವುದು ಅದೊಂದೇ. ಲೈಟ್ ಬಂದಾಗಲೆಲ್ಲ ಪೇಟೆಗೆ ಹೋಗಿ ಕೋಡ್ ಓದಿಸಿದರೆ 500 ರೂಪಾಯಿ, ಮೇಲೆ ಅರ್ಧ ದಿನದ ರಜೆ. ಅದಕ್ಕೇ 650 ಕೊಟ್ಟು ಈ ಬ್ಲೂಟೂತ್ ಸ್ಕ್ಯಾನರ್ ತರಿಸಿದ್ದು. ಒಳಗಿರುವುದು ಕಾರಿನ ಕಂಪ್ಯೂಟರಿನ ಮಾತನ್ನು ಫೋನಿಗೆ ತಲುಪಿಸುವ ಇಎಲ್‌ಎಂ327 ಚಿಪ್ಪಿನ ನಕಲು. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಪೋರ್ಟಿಗೆ ಚುಚ್ಚಿ, ಫೋನಿನಲ್ಲಿ ಆ್ಯಪ್ ತೆರೆದರೆ ಆಯಿತು.

ಬಂದ ಕೋಡ್ ಪಿ0171, ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಆ್ಯಪ್ ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಮೊದಲಿಗೇ ಆಕ್ಸಿಜನ್ ಸೆನ್ಸರ್ ಇತ್ತು, ನಾನು ಮುಂದಕ್ಕೆ ಓದಲಿಲ್ಲ. ಪಾಪ, ಹಳೇ ಸೆನ್ಸರಿನಲ್ಲಿ ದೋಷವೇ ಇರಲಿಲ್ಲ. ಗಾಳಿ ಜಾಸ್ತಿ ಇದೆ ಎಂದು ಅದು ಇದ್ದದ್ದನ್ನೇ ಹೇಳುತ್ತಿತ್ತು.

ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. "ಮಾಷ್ಟ್ರೇ, ಕೋಡ್ ನೋಡಿ ಸಾಮಾನು ತರ್ಬೇಡಿ. ಲೈವ್ ಡೇಟಾದಲ್ಲಿ ಫ್ಯುಯೆಲ್ ಟ್ರಿಮ್ ಎಷ್ಟುಂಟು ನೋಡಿ" ಎಂದರು. ಈ ಸಾಧನದ ಮೇಲಿನ ನನ್ನ ಸಿಟ್ಟು ಇಳಿಯಲು ಶುರುವಾದದ್ದು ಅಲ್ಲಿಂದ.

ಫ್ಯುಯೆಲ್ ಟ್ರಿಮ್ ಅಂದರೆ ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಬಿಡುತ್ತಿದೆ ಎಂಬ ಸಂಖ್ಯೆ. ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ರೂಢಿಯಾದದ್ದು. ಸೊನ್ನೆಯ ಆಚೀಚೆ ಹತ್ತರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಮ್ಮ ಕಾರು ಐಡಲಿಂಗಿನಲ್ಲಿ ನಿಂತಾಗ ಲಾಂಗ್ ಟರ್ಮ್ +22 ಇತ್ತು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಮ್‌ನಲ್ಲಿ ಹಿಡಿದರೆ +6. ಪಂಪಿನಿಂದ ಪೆಟ್ರೋಲ್ ಸಾಲದೆ ಬಂದಿದ್ದರೆ ಎಂಜಿನ್ನಿಗೆ ಭಾರ ಬಿದ್ದಾಗ ಸಂಖ್ಯೆ ಏರಬೇಕಿತ್ತು. ಇಲ್ಲಿ ಇಳಿಯಿತು. ಐಡಲಿಂಗಿನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ, ಹಾಗಾಗಿ ಸಣ್ಣ ಸೋರಿಕೆಯೂ ದೊಡ್ಡ ಪಾಲಾಗುತ್ತದೆ. ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ ಅಂತಾಯಿತು.

ಆ ಭಾನುವಾರ ಅಂಗಳದಲ್ಲಿ ಬಾನೆಟ್ ಎತ್ತಿ, ಫೋನನ್ನು ಬ್ಯಾಟರಿಯ ಪಕ್ಕ ಕಾಣುವ ಹಾಗೆ ಇಟ್ಟು, ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಒಂದೊಂದೇ ರಬ್ಬರ್ ಪೈಪನ್ನು ಮೆಲ್ಲಗೆ ಹಿಸುಕುತ್ತಾ ಹೋದೆ. ಮೂರನೆಯದು ಪಿಸಿವಿ ಪೈಪು, ಅಂದರೆ ಎಂಜಿನ್ ಒಳಗಿನ ಆವಿಯನ್ನು ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಒಯ್ಯುವ ಪೈಪು. ಅದನ್ನು ಮ್ಯಾನಿಫೋಲ್ಡ್ ಕಡೆ ಹಿಸುಕಿದ್ದೇ ತಡ, ಸೊನ್ನೆಯ ಹತ್ತಿರ ಆಡುತ್ತಿದ್ದ ಶಾರ್ಟ್ ಟರ್ಮ್ ನೋಡನೋಡುತ್ತಾ -16ಕ್ಕೆ ಜಾರಿತು. ಕಳ್ಳಗಾಳಿ ನಿಂತಿತ್ತು, ರೂಢಿಯಂತೆ ಹೆಚ್ಚಿಗೆ ಸುರಿಯುತ್ತಿದ್ದ ಪೆಟ್ರೋಲನ್ನು ಕಂಪ್ಯೂಟರ್ ಗಡಿಬಿಡಿಯಲ್ಲಿ ಕಡಿತ ಮಾಡುತ್ತಿತ್ತು. ನನಗೆ ಮೈ ಜುಮ್ಮೆಂದಿತು. ಅಮ್ಮನನ್ನು ಕೂಗಿ ಕರೆದು ಬಿಟ್ಟೂ ಹಿಡಿದೂ ತೋರಿಸಿದೆ. ಪೈಪು ಬಿಚ್ಚಿ ತಿರುಗಿಸಿದರೆ ಅಡಿಯಲ್ಲಿ ಇಲಿ ಹಲ್ಲಿನ ಗುರುತು, ಅಲ್ಲೇ ಸಂದಿಯಲ್ಲಿ ಒಣ ಅಡಿಕೆ ಸಿಪ್ಪೆಯ ನಾರು. ಹೊಸ ಪೈಪಿಗೆ ಬಿದ್ದದ್ದು 180 ರೂಪಾಯಿ.

ಈಗಲೂ ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಅದೇ ಕ್ರಮ. ಕೀ ಅರ್ಧ ತಿರುಗಿಸಿದಾಗ ಪೆಟ್ರೋಲ್ ಪಂಪು ಕ್ಷಣಹೊತ್ತು ಗುಂಯ್‌ಗುಟ್ಟುವುದನ್ನು ಕೇಳುತ್ತೇನೆ. ಚೆಕ್ ಎಂಜಿನ್ ಲೈಟ್ ಆಗ ಉರಿಯಲೇಬೇಕು, ಸ್ಟಾರ್ಟ್ ಆದೊಡನೆ ಆರಬೇಕು. ಕೂಲಂಟ್ 80 ಡಿಗ್ರಿ ದಾಟುವವರೆಗೆ ಕಾದು, ಎರಡು ಟ್ರಿಮ್ ಸಂಖ್ಯೆಗಳನ್ನು ಶಾಲೆಯ ಹಳೇ ಡೈರಿಯಲ್ಲಿ ಬರೆಯುತ್ತೇನೆ. ಮತ್ತೆ ಶೆಡ್ಡಿನ ಮೂಲೆಯ ಇಲಿಬೋನು ನೋಡಿ ಬರುತ್ತೇನೆ.

ದೂರುಗಳೂ ಇವೆ. ಸಂಪರ್ಕ ನಡುನಡುವೆ ಕಡಿದುಹೋಗುತ್ತದೆ. ನಮ್ಮ ಕಾರಿನ ಎಬಿಎಸ್, ಏರ್‌ಬ್ಯಾಗ್ ಕೋಡುಗಳನ್ನು ಓದುವುದಿಲ್ಲ. ಭಾವನ ಐಫೋನಿಗೆ ಇದು ಸೇರಲೇ ಇಲ್ಲ; ಐಫೋನ್ ಇರುವವರು ವೈಫೈ ಅಥವಾ ಬಿಎಲ್‌ಇ (ಕಡಿಮೆ ಶಕ್ತಿಯ ಬ್ಲೂಟೂತ್) ಇರುವುದನ್ನೇ ಕೇಳಿ ಕೊಳ್ಳಬೇಕು. ಪೋರ್ಟಿನ 16ನೇ ಪಿನ್ನಿಗೆ ಕೀ ತೆಗೆದರೂ ಬ್ಯಾಟರಿಯ ಕರೆಂಟು ಇರುತ್ತದೆ. ಒಮ್ಮೆ ಇದನ್ನು ಚುಚ್ಚಿಯೇ ಬಿಟ್ಟು 12 ದಿನ ಊರಲ್ಲಿರಲಿಲ್ಲ, ಬಂದಾಗ ಸೆಲ್ಫ್ ಹೊಡೆಯಲಿಲ್ಲ.

ಕೊಳ್ಳುವವರು ಒಂದು ಮಾತು ನಡೆಸಿಕೊಡಿ. ಕೋಡ್ ಕಂಡೊಡನೆ ಅಳಿಸಬೇಡಿ. ದೋಷ ಬಂದ ಗಳಿಗೆಯ ವೇಗ, ಬಿಸಿ, ಟ್ರಿಮ್ ಎಲ್ಲ ಫ್ರೀಜ್ ಫ್ರೇಮಿನಲ್ಲಿ ಉಳಿದಿರುತ್ತವೆ, ಅಳಿಸಿದರೆ ಅವೂ ಹೋಗುತ್ತವೆ. ಸ್ಕ್ರೀನ್‌ಶಾಟ್ ತೆಗೆದು ಮುಂದುವರಿಯಿರಿ. ಲೈಟ್ ಸುಮ್ಮನೆ ಉರಿಯದೆ ಮಿಣುಕುತ್ತಿದ್ದರೆ ಸ್ಕ್ಯಾನರ್ ಹುಡುಕುವುದಕ್ಕಿಂತ ಮೊದಲು ಕಾರನ್ನು ಬದಿಗೆ ನಿಲ್ಲಿಸಿ. ಅದು ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ; ಹಾಗೆಯೇ ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋದೀತು. ಆ ಖರ್ಚಿನ ಮುಂದೆ ನನ್ನ 3,400 ಏನೂ ಅಲ್ಲ.

ನಾಲ್ಕು ನಕ್ಷತ್ರ. ಕಳೆದ ಭಾನುವಾರದ ಲಾಂಗ್ ಟರ್ಮ್ +3.